ಸುಮ್ಮನಿದ್ದವರ ಲೆಕ್ಕ

ಕಾನಸೂರು
೧೨-೧೧-೧೯೯೮, ಗುರುವಾರ

ಪ್ರೀತಿಯ ಕೂಸು ಮಧುರಾಗೆ,

ಆಯಿಯ ಆಶೀರ್ವಾದ. ಇಲ್ಲಿ ನಾವಿಬ್ಬರೂ ಕ್ಷೇಮ. ನಿನ್ನ ಅಪ್ಪಯ್ಯ ಶನಿವಾರದಿಂದ ನನ್ನ ಜೊತೆ ಮಾತು ಬಿಟ್ಟಿದ್ದರು. ಊಟ ಬಿಟ್ಟಿರಲಿಲ್ಲ, ತಂಬುಳಿಯನ್ನು ಕೈಸನ್ನೆಯಲ್ಲೇ ಎರಡೆರಡು ಸಲ ಬಡಿಸಿಕೊಳ್ಳುತ್ತಿದ್ದರು. ಇವತ್ತು ಬೆಳಿಗ್ಗೆ ದೋಸೆಯ ಹೊತ್ತಿಗೆ ಆ ವ್ರತ ಮುರಿಯಿತು. ಮಾತು ಯಾಕೆ ಬಿಟ್ಟರು, ಹೇಗೆ ಮುರಿಯಿತು ಎಂದು ತಿಳಿಸುವುದಕ್ಕೇ ಈ ಕಾಗದ. ಫೋನ್ ಮಾಡಬಹುದಿತ್ತು. ಆದರೆ ಯಲ್ಲಾಪುರದ ನಿನ್ನ ಮನೆಯೊಡತಿ ಫೋನಿನ ಪಕ್ಕದಲ್ಲೇ ಅಕ್ಕಿ ಆರಿಸುತ್ತ ಕೂತಿರುತ್ತಾಳೆಂದು ನೀನೇ ಹೇಳಿದ್ದೆ.

ಮೊದಲು ನಿನ್ನ ವಿಷಯ. ಮಾಗೋಡಿನ ವಿಘ್ನೇಶ್ವರನ ಜಾತಕ ಕೂಡಿಬಂದಿದೆ, ನಿನ್ನ ಅಭಿಪ್ರಾಯ ಬರೆ ಎಂದು ಅಪ್ಪಯ್ಯ ಕಾಗದ ಹಾಕಿ ತಿಂಗಳು ದಾಟಿತು. ನೀನು ಉತ್ತರ ಬರೆಯಲಿಲ್ಲ. ದೀಪಾವಳಿಗೆ ಬಂದಾಗ ಆ ಮಾತು ಎತ್ತಿದ ಕೂಡಲೇ ಕೊಡಪಾನ ಹಿಡಿದು ಬಾವಿಕಟ್ಟೆಗೆ ಹೋದೆ. ಅಷ್ಟು ನೀರು ನಮ್ಮ ಮನೆಗೆ ಯಾವತ್ತೂ ಬೇಕಾಗಿರಲಿಲ್ಲ. ಅಪ್ಪಯ್ಯ ಅದನ್ನು ತಮಗೆ ಬೇಕಾದ ಹಾಗೆ ಓದಿಕೊಂಡರು. "ಕೂಸು ಬೇಡ ಹೇಳಿದ್ದಿಲ್ಲೆ. ಅಂದ್ರೆ ಒಪ್ಗೆ ಇದ್ದು ಹೇಳಿ ಆತು" ಎಂದರು. ಇಪ್ಪತ್ತೆರಡನೇ ತಾರೀಖು ಭಾನುವಾರ ಮಾಗೋಡಿಗೆ ಹೋಗಿ ಮಾತು ಕೊಟ್ಟು ಬರುವುದೆಂದು ನಿಶ್ಚಯವೂ ಆಯಿತು. ಕೊಟ್ಟ ಮಾತನ್ನು ಹಿಂದೆ ತೆಗೆದುಕೊಳ್ಳುವವರಲ್ಲ ಅವರು, ನಿನಗೆ ಗೊತ್ತಿದೆ.

ಮೊದಲಾಗಿದ್ದರೆ ನಾನೂ ಹೂಂಗುಟ್ಟುತ್ತಿದ್ದೆ. ಈಗ ಆಗುವುದಿಲ್ಲ. ಕಾರಣ ನಮ್ಮ ಸೊಸೈಟಿ.

ನಾನು ಸೊಸೈಟಿಯ ನಿರ್ದೇಶಕಿಯಾದದ್ದು ಹೇಗೆಂದು ನೋಡಿದವಳು ನೀನು. ಮಹಿಳೆಯರ ಸೀಟು ಖಾಲಿಯಿತ್ತು, ಅಪ್ಪಯ್ಯ ಅರ್ಜಿ ತುಂಬಿದರು, ನಾನು ಸಹಿ ಹಾಕಿದೆ. ಅಲ್ಲಿಂದ ತಿಂಗಳಿಗೊಮ್ಮೆ ಹೋಗುವುದು, ಕುರ್ಚಿಯ ತುದಿಯಲ್ಲಿ ಕೂರುವುದು, ಅವಲಕ್ಕಿ ತಿಂದು ಸಹಿ ಮಾಡಿ ಬರುವುದು. ಯಾರೂ ನನ್ನನ್ನು ಏನೂ ಕೇಳುತ್ತಿರಲಿಲ್ಲ, ನನಗೂ ಅದೇ ಹಿತವಾಗಿತ್ತು.

ಸೆಪ್ಟೆಂಬರಿನಲ್ಲಿ ಕೇಳಿದರು. ಕಿರಾಣಿ ವಿಭಾಗದಲ್ಲಿದ್ದ ಪ್ರತಿಭಾಳ ವಿಷಯ. ರಜೆಗೆ ಬಂದಾಗ ನೀನು ಸಾಮಾನು ತರುತ್ತೇನೆಂದು ಹೋಗಿ ಅವಳ ಜೊತೆ ಹರಟುತ್ತ ನಿಲ್ಲುತ್ತಿದ್ದೆಯಲ್ಲ, ಬನವಾಸಿ ಕಡೆಯವಳು, ತಾಯಿ ನೀಲಗಂಗವ್ವನ ಜೊತೆ ಬಸ್ ಸ್ಟಾಪಿನ ಹಿಂದೆ ಬಾಡಿಗೆಗೆ ಇದ್ದವಳು. ಮೂರು ವರ್ಷ ತಾತ್ಕಾಲಿಕವಾಗಿ ದುಡಿದಿದ್ದಳು. ಅವಳನ್ನು ಖಾಯಂ ಮಾಡುವ ಠರಾವು ಬಂದಿತ್ತು. ಖಾಯಂ ಆಗದಿದ್ದರೆ ಆ ತಿಂಗಳಿಗೇ ಅವಳ ಕೆಲಸ ಮುಗಿಯುತ್ತಿತ್ತು. ಬೇಡ ಎಂದವರ ಮನಸ್ಸಿನಲ್ಲಿ ಆ ಜಾಗಕ್ಕೆ ಇದ್ದವನು ಕಮಲಾಕರ, ಅಪ್ಪಯ್ಯನ ದೊಡ್ಡಪ್ಪನ ಮೊಮ್ಮಗ.

ಅವತ್ತು ಹಾಜರಿದ್ದವರು ನಾವು ಆರು ಜನ. ಬೇಕು ಎಂದು ಮೂರು ಕೈ ಎದ್ದವು, ಬೇಡ ಎಂದು ಎರಡು. ಎಲ್ಲರೂ ನನ್ನ ಕಡೆ ತಿರುಗಿದರು. ಪ್ರತಿಭಾಳಿಗೆ ಬೇಡ ಎನ್ನಲು ಬಾಯಿ ಬರಲಿಲ್ಲ. ಬೇಕು ಎಂದರೆ ನೆಂಟರ ಮನೆಯ ಹೊಸ್ತಿಲು ತುಳಿಯುವ ಹಾಗಿರಲಿಲ್ಲ. "ಆನು ಎಂತದೂ ಹೇಳ್ತ್ನಿಲ್ಲೆ, ನಿಂಗನೇ ನೋಡ್ಕಳಿ" ಎಂದು ಸೆರಗು ಸರಿಮಾಡಿಕೊಂಡೆ. ಸೆಕ್ರೆಟರಿ ಸುಭಾಷ್ ನನ್ನ ಹೆಸರಿನ ಮುಂದೆ 'ತಟಸ್ಥ' ಎಂದು ಬರೆದುಕೊಂಡ. ಎರಡಕ್ಕಿಂತ ಮೂರು ಹೆಚ್ಚಲ್ಲವೇ, ಹುಡುಗಿಯ ಕೆಲಸವೂ ಉಳಿಯಿತು, ನೆಂಟಸ್ತಿಕೆಯೂ ಉಳಿಯಿತು, ನಾನೆಷ್ಟು ಜಾಣೆ ಎಂದು ಒಳಗೊಳಗೇ ಹಿಗ್ಗಿದೆ. ಗಾಜಿನ ಬಾಗಿಲಿನಾಚೆ ನಿಂತಿದ್ದ ಪ್ರತಿಭಾಳನ್ನು ನೋಡಿ ನಕ್ಕೆ ಕೂಡ.

ಆಗ ಸುಭಾಷ್ ಬೈಲಾ ಓದಿದ. ನೇಮಕಾತಿಯ ಠರಾವಿಗೆ ಹಾಜರಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಒಪ್ಪಬೇಕಂತೆ. ಆರರಲ್ಲಿ ಮೂರು ಬರೀ ಅರ್ಧ. ಠರಾವು ಬಿದ್ದುಹೋಯಿತು. ನನ್ನ ನಗು ಮುಖದ ಮೇಲೆ ಇನ್ನೂ ಹಾಗೇ ಇತ್ತು, ಅದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಊರು ಬಿಡುವ ಮೊದಲು ಪ್ರತಿಭಾ ಹೇಳಿ ಹೋಗಲು ಮನೆಗೆ ಬಂದಳು. ಶಿರಸಿಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿತ್ತು, ತಾಯಿಯನ್ನು ಸದ್ಯಕ್ಕೆ ಊರಿಗೆ ಕಳಿಸಿದ್ದಳು. ನಾನು ಚಹಾ ಕೊಟ್ಟು, ನಾನೇನು ನಿನಗೆ ಬೇಡ ಅನ್ನಲಿಲ್ಲ ಎಂದು ಸಮಾಧಾನ ಹೇಳಲು ಹೋದೆ. ಅವಳಿಗೆ ಸಿಟ್ಟಿರಲಿಲ್ಲ. ಬೆಲ್ಲದ ರೇಟು ಹೇಳುವಷ್ಟೇ ಸಹಜವಾಗಿ ಹೇಳಿದಳು: "ಅಮ್ಮಾರ, ನೀವು ಅವತ್ತು ಬರದ ಇದ್ದಿದ್ರ ನನ್ನ ಕೆಲಸ ಉಳೀತಿತ್ತು ನೋಡ್ರಿ."

ಅವಳು ಹೋದ ಮೇಲೆ ಒಲೆಯ ಮುಂದೆ ಕೂತು ಬೆರಳು ಮಡಿಸಿ ನೋಡಿದೆ. ಹೌದು. ನಾನು ಮನೆಯಲ್ಲಿ ಹಪ್ಪಳ ಒತ್ತುತ್ತ ಕೂತಿದ್ದರೆ ಹಾಜರಿದ್ದವರು ಐದೇ ಜನ, ಅದೇ ಮೂರು ಕೈ ಸಾಕಾಗುತ್ತಿತ್ತು. ಒಳ್ಳೆಯ ಸೀರೆಯುಟ್ಟು ಹೋಗಿ ಬಾಯಿ ಮುಚ್ಚಿ ಕೂತದ್ದೇ ಅವಳಿಗೆ ಮುಳುವಾಯಿತು. ತಟಸ್ಥ ಎಂದರೆ ದಡದಲ್ಲಿ ನಿಂತವರು ಎಂದು ನೀನು ನಂದೊಳ್ಳಿ ಶಾಲೆಯ ನಿನ್ನ ಮಕ್ಕಳಿಗೆ ಹೇಳಿಕೊಡುತ್ತಿರಬಹುದು. ನಾನು ನಿಂತದ್ದು ದಡದಲ್ಲಲ್ಲ ಮಗಳೇ, ಅವಳ ದಾರಿಗೆ ಅಡ್ಡ.

ಮೊನ್ನೆ ಶನಿವಾರ ಕಮಲಾಕರನ ನೇಮಕದ ಠರಾವು ಬಂತು. ಪ್ರತಿಭಾ ಹೇಗೂ ಹೋದಳಲ್ಲ ಎಂದು ಅವಳ ಪರವಿದ್ದ ಮೂವರೂ ಆ ಕಡೆಗೇ ಸರಿದಿದ್ದರು. ವಿರೋಧ ಇರುವವರು ಎಂದಾಗ ನಾನು ಕೈ ಎತ್ತಿದೆ. ಅಧ್ಯಕ್ಷರು ನನಗೆ ನೀರು ಬೇಕೇನೋ ಎಂದುಕೊಂಡು ಹೂಜಿಯತ್ತ ನೋಡಿದರು. ನಾನು ಕೈ ಇಳಿಸಲಿಲ್ಲ. ಕಮಲಾಕರನ ಮೇಲೆ ನನಗೆ ಸಿಟ್ಟಿಲ್ಲ, ಹುಡುಗ ಒಳ್ಳೆಯವನೇ. ಆ ಜಾಗ ಅವಳದು ಎಂದು ಸೆಪ್ಟೆಂಬರಿನಲ್ಲೇ ಮನಸ್ಸಿಗೆ ಬಂದಿತ್ತು, ಬಾಯಿಗೆ ಬಂದದ್ದು ತಡವಾಯಿತು. ಒಂದೇ ಕೈ, ಸೋತೆ. ಪ್ರತಿಭಾಳಿಗೆ ಅದರಿಂದ ಕವಡೆಯಷ್ಟೂ ಪ್ರಯೋಜನವಾಗಲಿಲ್ಲ. ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು. ಅಪ್ಪಯ್ಯ ಮಾತು ಬಿಟ್ಟದ್ದು ಆಗಲೇ.

ಇನ್ನು ದೋಸೆಯ ಕಥೆ. ಬೆಳಿಗ್ಗೆ ತಟ್ಟೆಯ ಮುಂದೆ ಕೂತವರು ಗೋಡೆಗೆ ಹೇಳುವ ಹಾಗೆ, ಮಾಗೋಡಿಗೆ ಹೋಗಲು ಬಿಳಿ ಪಂಚೆ ತೊಳೆದಿಡಬೇಕು ಎಂದರು. ಗೋಡೆ ಉತ್ತರ ಕೊಡಲಿಲ್ಲ, ನಾನು ಕೊಟ್ಟೆ. ಸೊಸೈಟಿಯಲ್ಲಿ ನಾನು ಸುಮ್ಮನಿದ್ದರೆ ಬೇಡ ಎಂದು ಲೆಕ್ಕ, ಮನೆಯಲ್ಲಿ ಮಗಳು ಸುಮ್ಮನಿದ್ದರೆ ಬೇಕು ಎಂದು ಲೆಕ್ಕ, ಇದು ಎಲ್ಲಿಯ ನ್ಯಾಯ ಎಂದು ಕೇಳಿದೆ. ಇನ್ನು ಮೇಲೆ ಈ ಮನೆಯಲ್ಲೂ ಸೊಸೈಟಿಯದೇ ಬೈಲಾ, ಮಧುರಾ ಬೇಕು ಎಂದು ಬರೆಯದಿದ್ದರೆ ಬೇಡ ಎಂದೇ ಅರ್ಥ ಎಂದೆ. ಅವರು ತುಟಿ ಬಿಚ್ಚಲಿಲ್ಲ. ನಾನು ಕಾವಲಿಯ ಮೇಲಿನ ದೋಸೆ ಎತ್ತದೆ ನಿಂತೆ. ನೀವು ಸುಮ್ಮನಿದ್ದರೂ ಇವತ್ತಿನಿಂದ ಬೇಡ ಎಂದೇ ಲೆಕ್ಕ, ದೋಸೆಗೂ ಸೇರಿ ಎಂದೆ. ಒಲೆಯಿಂದ ಸೀದ ವಾಸನೆ ಬಂತು.

"ಆತು ಮಾರಾಯ್ತಿ. ಕೂಸಿನ ಕಾಗ್ದ ಬರ್ಲಿ. ಬರ್ದೇ ಹೋದ್ರೆ ಆನು ಮಾಗೋಡಿಗೆ ಹೋಗ್ತ್ನಿಲ್ಲೆ" ಎಂದರು.

ಆದ್ದರಿಂದ ಈಗ ಎಲ್ಲ ನಿನ್ನ ಕೈಯಲ್ಲಿದೆ. ವಿಘ್ನೇಶ್ವರನ ಬಗ್ಗೆ ವಿಚಾರಿಸಿದ್ದೇನೆ, ಒಳ್ಳೆಯ ಮಾತೇ ಕೇಳಿಬಂತು. ನಿನಗೆ ಅವನು ಇಷ್ಟವಿದ್ದು ನಾಚಿಕೆಯಿಂದ ಸುಮ್ಮನಿದ್ದರೆ ಸಂಬಂಧ ಕೈತಪ್ಪುತ್ತದೆ. ಇಷ್ಟವಿಲ್ಲದಿದ್ದರೆ ಸುಮ್ಮನಿದ್ದೂ ಪಾರಾಗಬಹುದು. ಆದರೆ ಹಾಗೆ ಪಾರಾಗಬೇಡ, ಬೇಡ ಎಂದು ಬರೆದೇ ಪಾರಾಗು. ಯಾವುದು ಬರೆದರೂ ನಾನು ನಿನ್ನ ಪರ. ಇದರ ಜೊತೆ ಒಂದು ಕಾರ್ಡು ಇಟ್ಟಿದ್ದೇನೆ, ಅಪ್ಪಯ್ಯನ ವಿಳಾಸ ನಾನೇ ಬರೆದಿದ್ದೇನೆ. ಒಂದು ಮಾತು ಬರೆದರೆ ಸಾಕು.

ನಿನ್ನ ಮೇಲೆ ಕೋಪವಿಲ್ಲ ಕೂಸೇ. ಸುಮ್ಮನಿರುವುದನ್ನು ನೀನು ಕಲಿತದ್ದು ನನ್ನನ್ನು ನೋಡಿಯೇ ಎಂದು ಸಂಕಟವಾಗುತ್ತದೆ, ಅಷ್ಟೆ. ಶಿರಸಿಗೆ ಹೋದರೆ ಪ್ರತಿಭಾಳನ್ನು ಕಂಡು ಬಾ. ನೀರು ಕುದಿಸಿ ಕುಡಿ.

ನಿನ್ನ ಆಯಿ,
ಸೀತಮ್ಮ

ತಾ.ಕ.: ಬರೆಯುವುದೋ ಬೇಡವೋ ಎಂದು ಒಂದು ಮಾತು ಬಿಟ್ಟಿದ್ದೆ. ದೋಸೆ ತಿಂದು ಕೈ ತೊಳೆಯಲು ಎದ್ದ ಅಪ್ಪಯ್ಯ ಬಾಗಿಲಲ್ಲಿ ನಿಂತು, ನನ್ನ ಮುಖ ನೋಡದೆ ಕೇಳಿದರು: "ಆನು ನೋಡಲೆ ಬಂದಾಗ ನೀನೂ ಸುಮ್ನೇ ಇದ್ದಿದ್ದೆ. ಆವಾಗ ಒಪ್ಗೆ ಇತ್ತಾ?" ಮದುವೆಯಾಗಿ ಇಷ್ಟು ವರ್ಷಕ್ಕೆ ಮೊದಲ ಸಲ ಕೇಳಿದ್ದು. "ಇತ್ತಿಲ್ಲೆ. ಈಗ ಕೇಳಿದ್ರೆ ಹೇಳ್ತೆ" ಎಂದೆ. ಇನ್ನೂ ಕೇಳಿಲ್ಲ. ಬೆಳಿಗ್ಗೆಯಿಂದ ಅಂಗಳದಲ್ಲಿ ಏನನ್ನೋ ಹುಡುಕುವ ಹಾಗೆ ಮಾಡುತ್ತಿದ್ದಾರೆ, ಎರಡು ಸಲ ಅಡುಗೆಮನೆಯ ಬಾಗಿಲಿಗೆ ಬಂದು ಹಾಗೇ ತಿರುಗಿ ಹೋದರು. ಧೈರ್ಯ ಮಾಡಿ ಕೇಳಲಿ. ಒಪ್ಪಿಗೆ ಎಂದು ಕೈ ಎತ್ತುತ್ತೇನೆ, ಬೇಕಾದರೆ ಎರಡನ್ನೂ.