ಟಾಪು ಕತ್ತರಿಸಿದ ಕಾರು

ಭಾನುವಾರ, ಮಧ್ಯಾಹ್ನ

ನಿಧಾನ ಮೇಷ್ಟ್ರಿಗೆ,

ನಿಮ್ಮ ‘ಹಲ್ಲಿನ ಕಾರ್ಖಾನೆ’ಯ ನಮಸ್ಕಾರಗಳು. ಇಲ್ಲಿ ನಾನು ಕ್ಷೇಮ. ಅಲ್ಲಿ ನಿಮ್ಮ ಕ್ಷೇಮ ಎಂದಿನಂತೆ ಭಾವನವರ ಬಾಯಿಂದ ತಿಳಿಯಿತು.

ಫೋನು ಕೈಯಲ್ಲಿರುವಾಗ ಇವಳಿಗೇಕೆ ಕಾಗದದ ಹುಚ್ಚು ಎಂದು ಹುಬ್ಬು ಗಂಟಿಕ್ಕಬೇಡಿ. ನಾವಿಬ್ಬರೂ ಫೋನಿನಲ್ಲಿ ಮಾತಾಡುವ ಚೆಂದ ನಿಮಗೂ ಗೊತ್ತು. ಊಟ ಆಯ್ತಾ, ಆಯ್ತು. ಗ್ಯಾಸ್ ಬಂತಾ, ಬಂತು. ಮಂಡಿ ನೋವು ಹೇಗಿದೆ, ಹಾಗೇ ಇದೆ. ಅಷ್ಟಾದ ಮೇಲೆ ನೀವು ಕೆಮ್ಮುತ್ತೀರಿ, ನಾನು ಕುಕ್ಕರ್ ಕೂಗ್ತಿದೆ ಎಂದು ಇಟ್ಟುಬಿಡುತ್ತೇನೆ. ಎಷ್ಟೋ ಸಲ ಒಲೆಯ ಮೇಲೆ ಕುಕ್ಕರೇ ಇರುವುದಿಲ್ಲ. ಕಾಗದದಲ್ಲಾದರೆ ಹಾಗೆ ತಪ್ಪಿಸಿಕೊಳ್ಳಲು ಬರುವುದಿಲ್ಲ, ನಿಮಗೂ ನಡುವೆ ಕೆಮ್ಮಲು ಬರುವುದಿಲ್ಲ.

ವಿಷಯ ಇಷ್ಟು. ಹೋದ ತಿಂಗಳು ಭಾವನವರು ಫೋನು ಮಾಡಿ, “ಅವನು ತುಣುಕು ಅಂಟಿಸಿ ಪುಟಾಣಿ ಕಾರು ಕಟ್ತಾನಲ್ಲ, ಆ ಪೆಟ್ಟಿಗೆ ಇದೆಯಲ್ಲಮ್ಮ, ಅದನ್ನ ಕಳಿಸಿಬಿಡು. ಇಲ್ಲಿ ಕಿಟಕಿ ಹತ್ರ ಅವನಿಗೆ ಅಂತಲೇ ಒಂದು ಮೇಜು ಮಾಡಿಸಿದ್ದೀನಿ” ಎಂದರು. ನಾಳೇನೇ ಕಳಿಸ್ತೀನಿ ಭಾವ ಎಂದೆ. ಕಳಿಸಲಿಲ್ಲ. ಅವರು ಎರಡನೇ ಸಲ ಕೇಳಿದಾಗ ರಟ್ಟಿನ ಡಬ್ಬ ಸಿಗಲಿಲ್ಲ ಎಂದೆ. ಮೂರನೇ ಸಲ ಕೊರಿಯರಿನವರ ಮೇಲೆ ಹಾಕಿದೆ. ನಿಮ್ಮಣ್ಣ ಸಾಧು ಮನುಷ್ಯ, ಎಲ್ಲವನ್ನೂ ನಂಬಿದರು.

ಅವರು ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಾಗ ನಿಮ್ಮ ಬ್ಯಾಗು ತುಂಬಿದವಳು ನಾನೇ. ಒಂಟಿ ಜೀವ, ನೋಡಿಕೊಳ್ಳುವವರಿಲ್ಲ, ಹೋಗಿ ಬನ್ನಿ ಎಂದು ಕಳಿಸಿದವಳೂ ನಾನೇ. ಈಗ ಅವರು ಕೋಲು ಕೂಡ ಇಲ್ಲದೆ ಮಾರುಕಟ್ಟೆಗೆ ಹೋಗಿ ಚೌಕಾಸಿ ಮಾಡಿ ಬರುತ್ತಾರಂತೆ. ಮೂಳೆ ಕೂಡಿತು, ನೀವು ಬರಲಿಲ್ಲ. ನಮಗೆ ಜಗಳವಾಗಿದ್ದರೆ ಒಂದು ಕಾರಣವಾದರೂ ಇರುತ್ತಿತ್ತು, ಯಾರಾದರೂ ನಡುವೆ ನಿಂತು ಬುದ್ಧಿ ಹೇಳುತ್ತಿದ್ದರು. ಏನೂ ಆಗಿಲ್ಲದ್ದಕ್ಕೆ ಯಾರನ್ನು ಕರೆದು ಪಂಚಾಯಿತಿ ಮಾಡಿಸಲಿ? ಮೊದಲು ಸ್ವೆಟರ್ ಕೇಳಿದಿರಿ. ಆಮೇಲೆ ಓದುವ ಕನ್ನಡಕ. ಆಮೇಲೆ ನಿಮ್ಮ ಆ ಗಟ್ಟಿ ದಿಂಬು. ದಿಂಬು ಕಟ್ಟುವಾಗಲೇ ನನಗೆ ಅನುಮಾನ ಬಂದಿತ್ತು, ನೆಂಟರ ಮನೆಗೆ ಹೋದವರು ಯಾರಾದರೂ ದಿಂಬು ತರಿಸಿಕೊಳ್ಳುತ್ತಾರೆಯೇ? ಕೊನೆಗೆ ಈ ಮನೆಯಲ್ಲಿ ನಿಮ್ಮದು ಎಂದು ಉಳಿದದ್ದು ಊಟದ ಮೇಜಿನ ಅರ್ಧ ಆಕ್ರಮಿಸಿಕೊಂಡ ಆ ಪೆಟ್ಟಿಗೆ. ಅದೂ ಹೋದರೆ ನಿಮಗೆ ಇತ್ತ ಬರಲು ಒಂದು ನೆಪವೂ ಇರುವುದಿಲ್ಲ. ಅದಕ್ಕೇ ಕಳಿಸಲಿಲ್ಲ.

ಕಳಿಸದಿದ್ದುದು ಒಂದು ಕಡೆ ಇರಲಿ. ಅದನ್ನು ನಾನು ತೆರೆದೆ.

ಮುಚ್ಚಳದ ಮೇಲಿನ ಚಿತ್ರ ನೋಡಿ ನನಗೆ ಹಳೆಯ ನಗುವೇ ಬಂತು. ಅಜ್ಜನ ಕಾಲದ ಕಾರು, ಬಾನೆಟ್ಟು ಕಿತ್ತೆಸೆದು ಇಂಜಿನ್ನನ್ನು ಹೊರಗೇ ಕೂರಿಸಿದ್ದಾರೆ. ಮುಂದೆ ಸಣಕಲು ಗಾಲಿ, ಹಿಂದೆ ಡೊಳ್ಳು ಹೊಟ್ಟೆಯಂಥ ಗಾಲಿ, ಮೈತುಂಬ ಬೆಂಕಿಯ ನಾಲಿಗೆ. ಇದಕ್ಕೆ ಹಾಟ್ ರಾಡ್ ಎನ್ನಬೇಕೆಂದು ನೀವು ಎಷ್ಟು ಸಲ ತಿದ್ದಿದರೂ ನಾನು ‘ಬಾನೆಟ್ಟಿಲ್ಲದ ಗಾಡಿ’ ಎಂದೇ ಅಂದೆ. ಅಲ್ಲ ಮೇಷ್ಟ್ರೇ, ಜೀವಮಾನವಿಡೀ ಡ್ರೈವಿಂಗ್ ಸ್ಕೂಲಿನಲ್ಲಿ ಎಡಸೀಟಿನಲ್ಲಿ ಕೂತು, ಕಾಲಡಿ ಇನ್ನೊಂದು ಬ್ರೇಕು ಇಟ್ಟುಕೊಂಡು, ಕನ್ನಡಿ ನೋಡು, ಇನ್ನೊಂದ್ಸಲ ನೋಡು ಎಂದು ಜಪ ಮಾಡಿದವರು ನೀವು. ಆಟೋದಲ್ಲಿ ಕೂತರೂ ನಿಮ್ಮ ಬಲಗಾಲು ನೆಲ ಒತ್ತುತ್ತಿತ್ತು. ಅಂಥವರಿಗೆ ಕಾರಿನಲ್ಲಿ ವೇಗಕ್ಕೆಂದೇ ಹುಟ್ಟಿದ ಇದೇ ಜಾತಿ ಹೇಗೆ ಇಷ್ಟವಾಯಿತು ಎಂದು ನಾನು ಒಂದು ದಿನವೂ ಕೇಳಲಿಲ್ಲ. ಕೇಳಬಹುದಿತ್ತು.

ಪ್ಲಾಸ್ಟಿಕ್ ಚೌಕಟ್ಟುಗಳಿಗೆ ಅಂಟಿಕೊಂಡೇ ಇದ್ದ ತುಣುಕುಗಳು ಪೆಟ್ಟಿಗೆಯಲ್ಲಿ ಹಾಗೇ ಮಲಗಿದ್ದವು. ನೀವು ಇಂಜಿನ್ನಿನ ಎರಡು ಹೋಳು ಅಂಟಿಸಿ ಹೋಗಿದ್ದಿರಿ, ಅಷ್ಟೇ. ಅದನ್ನು ಕೈಯಲ್ಲಿ ಹಿಡಿದು ನೋಡಿದೆ. ದವಡೆ ಹಲ್ಲಿಗಿಂತ ಸ್ವಲ್ಪ ದೊಡ್ಡದು. ನಾನು ದಿನಾ ಲ್ಯಾಬಿನಲ್ಲಿ ಕೂತು ಊರಿನವರ ಬಾಯಿಗೆ ಹಲ್ಲು ಕಟ್ಟುವವಳು, ಇಷ್ಟು ಚಿಕ್ಕದು ನನ್ನ ಕೈಗೆ ಹೊಸದೇನಲ್ಲ. ಲ್ಯಾಬಿನಿಂದ ಹಲ್ಲಿನ ಕ್ಲಿಪ್ಪು ಬಿಗಿಯುವ ಕೂದಲೆಳೆ ತಂತಿ ತಂದು, ಇಂಜಿನ್ನಿಗೆ ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಜೋಡಿಸಿದೆ. ಕಿಟ್ಟಿನಲ್ಲಿ ಆ ವೈರುಗಳೇ ಇರಲಿಲ್ಲ, ನಿಮ್ಮ ಹಳೆಯ ಕಾರುಗಳಲ್ಲಿ ಇದ್ದದ್ದು ನೆನಪಿತ್ತು. ಬೆಳ್ಳಿ ಹೊಳಪಿನ ತುಣುಕುಗಳಿಗೆ ಅಂಟು ಹಿಡಿಯುವುದಿಲ್ಲ, ಅಂಟಿಸುವ ಜಾಗದಲ್ಲಿ ಹೊಳಪು ಕೆರೆಯಬೇಕು ಎಂಬುದೂ ನೆನಪಿತ್ತು. ತೆಳ್ಳಗೆ ಹೊಡಿ, ಒಣಗೋಕೆ ಬಿಡು, ತೆಳ್ಳಗೆ ಹೊಡಿ ಎಂದು ನೀವು ಬಣ್ಣ ಹೊಡೆಯುವಾಗ ಗೊಣಗುತ್ತಿದ್ದುದನ್ನು ಅಡುಗೆಮನೆಯಿಂದ ಇಷ್ಟು ವರ್ಷ ಕೇಳಿಸಿಕೊಂಡಿದ್ದೇನೆ. ಕೇಳಿಸಿಕೊಳ್ಳುವುದಿಲ್ಲ ಎಂದು ನೀವು ತಿಳಿದಿದ್ದಿರಿ.

ಬಣ್ಣ ಹೊಡೆದ ದಿನ ಒಂದು ಫಜೀತಿಯಾಯಿತು. ಕೆಳಮನೆಯಾಕೆ ಮೆಟ್ಟಿಲಲ್ಲಿ ಸಿಕ್ಕಿ, “ಓ, ಸಾರ್ ಬಂದ್ಬಿಟ್ರಾ? ಬಣ್ಣದ ವಾಸನೆ ಬಂತು, ಆಗಲೇ ಗೊತ್ತಾಯ್ತು” ಎಂದರು. ಇಲ್ಲ ಎನ್ನಬೇಕಾದ ಬಾಯಿ ಹೂಂ ಎಂದಿತು. ಹೂಂ ಎಂದ ಮೇಲೆ ಮನಸ್ಸಿಗೆ ಎಷ್ಟು ಹಗುರವಾಯಿತೆಂದರೆ, ನಾಚಿಕೆ ಬಿಟ್ಟು ಹೇಳುತ್ತೇನೆ, ಮೆಟ್ಟಿಲು ಹತ್ತಿ ಬಂದು ಬಾಗಿಲು ತೆಗೆಯುವಾಗ ನಾನೂ ಒಂದು ಗಳಿಗೆ ನಂಬಿದೆ. ಆದರೆ ಸಂಜೆ ಆಕೆಯ ಗಂಡ ನೀರಿನ ಮೋಟಾರು ಕೆಟ್ಟಿದೆ, ಸಾರ್ ಒಂದ್ನಿಮಿಷ ನೋಡ್ಲಿ ಎಂದು ಬಾಗಿಲು ಬಡಿದರು. ಮಲಗಿದ್ದಾರೆ ಎಂದೆ. ಮಾರನೇ ದಿನವೂ ಬಂದರು. ಮಲಗಿದ್ದಾರೆ ಎಂದೆ. ಎಷ್ಟು ದಿನ ಅಂತ ಮಲಗಿಸಲಿ ನಿಮ್ಮನ್ನು? ಕೊನೆಗೆ ನೀವು ಬೆಳಗಿನ ಬಸ್ಸಿಗೆ ಹೊರಟುಹೋದಿರಿ ಎಂದು ಹೇಳಿ ಮುಗಿಸಿದೆ. ಬಾರದ ಗಂಡನನ್ನು ಬಸ್ಸು ಹತ್ತಿಸಿ ಬಂದು, ಆವತ್ತು ಇಡೀ ದಿನ ಅತ್ತೆ. ನೀವು ನಿಜವಾಗಿ ಹೋದ ದಿನ ಅತ್ತಿರಲಿಲ್ಲ.

ಇರಲಿ. ಅಷ್ಟರಲ್ಲಿ ಕಾರು ಕಾರಿನ ಆಕಾರಕ್ಕೆ ಬಂದಿತ್ತು. ಮುಂದಿನ ಗಾಜು ಕೂರಿಸುವಾಗ ನಿಮ್ಮ ಅಂಟು ನಿಲ್ಲಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ನಾನೂ ಅಂಟಿನ ಟ್ಯೂಬಿಗೆ ನಾಲ್ಕು ಬೈದು, ಕ್ಷಣದಲ್ಲಿ ಹಿಡಿಯುವ ಆ ಸೂಪರ್ ಗ್ಲೂ ತಂದು ಸುತ್ತ ಹಚ್ಚಿ, ಗಾಜು ಕೂತಿತೆಂಬ ಖುಷಿಯಲ್ಲಿ ತಳಭಾಗವನ್ನೂ ಅಂಟಿಸಿ ಎಲ್ಲ ಮುಚ್ಚಿಬಿಟ್ಟೆ. ಬೆಳಿಗ್ಗೆ ಎದ್ದು ನೋಡಿದರೆ ಗಾಜೆಲ್ಲ ಬೆಳ್ಳಗೆ ಮಂಜು ಕಟ್ಟಿತ್ತು. ಹೊರಗೆ ಒರೆಸಿದರೆ ಹೋಗಲಿಲ್ಲ, ಮಂಜು ಇದ್ದದ್ದು ಒಳಗೆ. ಯಾರೋ ಒಳಗೆ ಕೂತು ರಾತ್ರಿಯೆಲ್ಲ ಉಸಿರಾಡಿದ ಹಾಗೆ ಕಾಣುತ್ತಿತ್ತು.

ನೀವು ಕಿಟ್ಟು ತರುವ ಅಂಗಡಿಗೆ ಹೋದೆ. ಅಂಗಡಿಯವರು ಕನ್ನಡಕ ಹಣೆಗೇರಿಸಿ ನೋಡಿ ನಕ್ಕರು. “ಎಲ್ಲರೂ ಒಂದ್ಸಲ ಮಾಡೋ ತಪ್ಪೇ ಅಮ್ಮ ಇದು. ಆ ಅಂಟು ಹೊಗೆ ಬಿಡತ್ತೆ. ಬಾಗಿಲು ಮುಚ್ಚಿದ್ರೆ ಅದು ಎಲ್ಲಿಗೆ ಹೋಗಬೇಕು? ಗಾಜಿಗೇ ಹೋಗಿ ಕೂರತ್ತೆ” ಎಂದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಈಗೇನು ದಾರಿ ಎಂದೆ. ತಳ ಕಿತ್ತರೆ ಕಾರು ಸೀಳುತ್ತದೆ, ಮೇಲಿನ ಚಾವಣಿ, ಅದೇ ಟಾಪು, ಕತ್ತರಿಸುವುದೊಂದೇ ದಾರಿ ಎಂದರು. ಹೇಗೂ ಈ ಜಾತಿಯ ಗಾಡಿಗಳಿಗೆ ಟಾಪು ಹೊತ್ತ ಕಂಬಗಳನ್ನು ಗಿಡ್ಡ ಮಾಡಿ ಅದನ್ನು ತಗ್ಗಿಸುವುದೇ ಶೋಕಿಯಂತೆ. ಆಮೇಲೆ ನಿಮ್ಮ ಮಾತು ತೆಗೆದರು. “ಸಾರ್ ಅದಕ್ಕೆ ಅಂತಲೇ ಸಣ್ಣ ಗರಗಸ ತಗೊಂಡ್ ಹೋಗಿ ಎಷ್ಟೋ ವರ್ಷ ಆಯ್ತು. ಬ್ಲೇಡ್ ಬದಲಾಯಿಸೋಕೆ ಇವತ್ತಿನವರೆಗೂ ಬಂದಿಲ್ಲ. ಕತ್ತರಿಸಿದ್ರೆ ಮತ್ತೆ ಮೊದಲಿನ ಹಾಗೆ ಆಗಲ್ಲವಲ್ಲ ಅಂತಾರೆ.”

ಮನೆಗೆ ಬಂದು ಹುಡುಕಿದೆ. ಗರಗಸ ಪೆಟ್ಟಿಗೆಯ ತಳದಲ್ಲಿ ಅಂಗಡಿಯ ಕಾಗದದಲ್ಲೇ ಸುತ್ತಿಕೊಂಡಿತ್ತು. ಕಾಗದ ಬಿಚ್ಚಿದೆ. ನನಗೆ ಕೋಪ ಬಂದಿತ್ತು ರೀ. ಬರುತ್ತೇನೆ ಎಂದೂ ಹೇಳದೆ, ಬರುವುದಿಲ್ಲ ಎಂದೂ ಹೇಳದೆ, ಅಣ್ಣನ ಮನೆಯ ಕಿಟಕಿ ಪಕ್ಕ ಕೂತಿರುವ ಮನುಷ್ಯನ ಮೇಲೆ ಬಂದ ಕೋಪ. ಆ ಕೋಪದಲ್ಲೇ ಕೊಯ್ದೆ.

ಒಂದು ಕಂಬ ಮುರಿಯಿತು, ಹಾಗಾಗಿ ಮಿಕ್ಕವನ್ನೂ ಅದರ ಅಳತೆಗೇ ಗಿಡ್ಡ ಮಾಡಬೇಕಾಯಿತು. ಟಾಪು ಇಳಿಸಿ ಕೂರಿಸಿದರೆ ಕಂಬಗಳು ಒಂದಕ್ಕೊಂದು ಕೂಡಲಿಲ್ಲ, ನಡುವೆ ಸಂದು ಬಿಟ್ಟವು. ವಸಡು ಮಾಡುವ ಗುಲಾಬಿ ಪುಡಿ ಕಲಸಿ ತುಂಬಿದೆ. ಎರಡು ದಿನ ನಿಮ್ಮ ಹಾಟ್ ರಾಡು ವಸಡು ಬಿಟ್ಟುಕೊಂಡು ನಗುತ್ತಿತ್ತು. ಮಂಜು ಹಿಡಿದ ಗಾಜು ಹೇಗೂ ಹೊಸ ಅಳತೆಗೆ ಹೊಂದುತ್ತಿರಲಿಲ್ಲ, ಎಸೆದೆ. ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆ ನಾವು ಪಾರದರ್ಶಕ ಕವಚ ಮಾಡುತ್ತೇವಲ್ಲ, ಹಾಳೆ ಕಾಯಿಸಿ ಅಚ್ಚಿನ ಮೇಲೆ ಗಾಳಿ ಎಳೆದು ಕೂರಿಸುವ ಮಿಷಿನ್ನು, ಅದರಲ್ಲೇ ಊಟದ ಬಿಡುವಿನಲ್ಲಿ ಹೊಸ ಗಾಜು ಮಾಡಿದೆ. ಮೊದಲಿನದಕ್ಕಿಂತ ತಿಳಿಯಾಗಿದೆ. ಆಮೇಲೆ ಕಪ್ಪು ಬಣ್ಣ, ಅದರ ಮೇಲೆ ನೀರಿನಲ್ಲಿ ನೆನೆಸಿ ಅಂಟಿಸುವ ಬೆಂಕಿಯ ಸ್ಟಿಕ್ಕರುಗಳು. ಎಡಗಡೆಯ ಬೆಂಕಿ ಸ್ವಲ್ಪ ಸೊಟ್ಟಗಾಗಿದೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತೀರೇನೋ, ಆದರೂ ಚೆನ್ನಾಗಿದೆ. ನಿಮ್ಮ ಯಾವ ಕಾರಿಗಿಂತಲೂ ಗತ್ತಾಗಿ ಕೂತಿದೆ. ಟಾಪು ತಗ್ಗಿದ್ದಕ್ಕೆ ಅದು ಕಣ್ಣು ಕಿರಿದು ಮಾಡಿ ನೋಡುವ ಹಾಗಿದೆ.

ಹೀಗೆ ಮೇಜಿನ ಮೇಲೆ ಅದನ್ನು ಇಟ್ಟುಕೊಂಡು ನೋಡುತ್ತಾ ಕೂತಾಗ ಗೊತ್ತಾಯಿತು, ತೋರಿಸಲು ಯಾರೂ ಇಲ್ಲ. ನೀವು ಒಂದೊಂದು ಕಾರು ಮುಗಿಸಿದಾಗಲೂ ಅಂಗೈ ಮೇಲಿಟ್ಟುಕೊಂಡು ಅಡುಗೆಮನೆಗೆ ಬರುತ್ತಿದ್ದಿರಿ. ನಾನು ಒಗ್ಗರಣೆಯಿಂದ ತಲೆಯೆತ್ತದೆ ಚೆನ್ನಾಗಿದೆ ಎನ್ನುತ್ತಿದ್ದೆ. ನೀವು ಸ್ವಲ್ಪ ಹೊತ್ತು ನಿಂತು ಹೊರಟುಹೋಗುತ್ತಿದ್ದಿರಿ. ಆ ನಿಂತ ಹೊತ್ತು ಎಷ್ಟು ದೊಡ್ಡದೆಂದು ನನಗೆ ಈಗ ತಿಳಿಯಿತು.

ಇನ್ನು ಭಾವನವರಿಗೆ ಸುಳ್ಳು ಹೇಳಲಾರೆ. ನಾಳೆ ಹತ್ತಿ ಸುತ್ತಿ, ಹಲ್ಲಿನ ಸೆಟ್ಟು ಕಳಿಸುವ ಹಾಗೆ ಜೋಪಾನ ಮಾಡಿ ಕೊರಿಯರಿಗೆ ಕೊಡುತ್ತೇನೆ. ನೀವು ಕೇಳಿದ್ದು ಕಟ್ಟಲು ತುಣುಕುಗಳು, ನಾನು ಕಳಿಸುತ್ತಿರುವುದು ಕಟ್ಟಿ ಮುಗಿಸಿದ ಕಾರು. ಬೇಸರವಾದರೆ ಬೈಯಿರಿ. ಬೈಯುವುದಕ್ಕಾದರೂ ಫೋನು ಮಾಡಿ, ಈ ಸಲ ಕುಕ್ಕರಿನ ನೆಪ ಹೇಳುವುದಿಲ್ಲ.

ನೀವಿಲ್ಲದೆ ಮನೆ ನಡೆಯುತ್ತಿದೆ. ಅದೇ ನನಗೆ ಹೆದರಿಕೆ. ಹೀಗೇ ನಡೆದು ನಡೆದು ಅಭ್ಯಾಸವಾಗಿಬಿಟ್ಟರೆ, ಒಂದು ದಿನ ನೀವು ಬಂದರೂ ಎಲ್ಲಿ ಕೂರಿಸಬೇಕೆಂದು ತಿಳಿಯದೆ ಹೋದೀತು. ನಾಳೆಯಿಂದ ಊಟದ ಮೇಜು ಪೂರ್ತಿ ಖಾಲಿ. ನನಗೆ ಅಷ್ಟು ದೊಡ್ಡ ಮೇಜು ಬೇಡ.

ಭಾವನವರಿಗೆ ನನ್ನ ನಮಸ್ಕಾರ ಹೇಳಿ. ಬಚ್ಚಲಲ್ಲಿ ರಬ್ಬರಿನ ಚಾಪೆ ಹಾಕಿಸಿದ್ದೀರಿ ತಾನೆ?

ಇತಿ,
ನಿಮ್ಮವಳೇ ಆದ
ಹಲ್ಲಿನ ಕಾರ್ಖಾನೆ

ತಾ.ಕ.: ಕಾರು ಬಿಚ್ಚಿ ನೋಡಿದಾಗ ಸ್ಟೀರಿಂಗ್ ಕಾಣುವುದಿಲ್ಲ. ಹತ್ತಿಯಲ್ಲಿ ತಡಕಾಡಬೇಡಿ, ದಾರಿಯಲ್ಲಿ ಬಿದ್ದುಹೋಗಿಲ್ಲ, ಮರೆತದ್ದೂ ಅಲ್ಲ. ಬಣ್ಣ ಹೊಡೆದು, ಒಣಗಿಸಿ, ನನ್ನ ಹತ್ತಿರವೇ ಇಟ್ಟುಕೊಂಡಿದ್ದೇನೆ. ಚಿಮಟ ತೂರಲೆಂದೇ ಪಕ್ಕದ ಕಿಟಕಿಗೆ ಗಾಜು ಹಾಕದೆ ಬಿಟ್ಟಿದ್ದೇನೆ. ಅದೊಂದನ್ನು ನೀವೇ ಕಾರು ಹಿಡಿದುಕೊಂಡು ಇಲ್ಲಿಗೆ ಬಂದು, ನಿಮ್ಮ ಕೈಯಾರೆ ಕೂರಿಸಬೇಕು. ಬರುವ ಮನಸ್ಸಿಲ್ಲದಿದ್ದರೆ ಹೇಳಿಬಿಡಿ, ಅದನ್ನೂ ಪೊಟ್ಟಣ ಕಟ್ಟಿ ಕಳಿಸುತ್ತೇನೆ. ಆದರೆ ಆ ಮಾತನ್ನು ನೀವೇ ಹೇಳಿ ರೀ, ಭಾವನವರ ಬಾಯಲ್ಲಿ ಹೇಳಿಸಬೇಡಿ.