ಡ್ರೋನಿನ ಕಿವಿಯೋಲೆ

ಶ್ಟೈನ್‌ಶ್ಲಾಗ್
ಜೂನ್ 16, ಸೋಮವಾರ

ನನ್ನ ಪ್ರೀತಿಯ ಎಂಗೆಲ್ಬರ್ಟ್,

ಹೇಗಿದ್ದೀಯಾ? ಹನ್ನೆರಡು ದಿನದಿಂದ ನನ್ನ ಕಾಗದವಿಲ್ಲ, ನಿನ್ನೆ ಭಾನುವಾರ ನಾನೂ ಬರಲಿಲ್ಲ. ನೀನು ಮುನಿಸಿಕೊಂಡಿದ್ದೀಯಾ ಅಂತ ಗೊತ್ತು. ಮುನಿಸು ಬಂದರೆ ನೀನು ಸೂಪು ಬಿಡುವವನು, ನಿನ್ನೆ ಸೂಪು ಹಾಗೇ ವಾಪಸು ಹೋಯಿತು ಅಂತ ಜಾಸ್ನಾ ಸಿಸ್ಟರ್ ಫೋನಿನಲ್ಲಿ ಚಾಡಿ ಹೇಳಿದ್ದಾರೆ. ತಪ್ಪು ನನ್ನದೇ. ಮೂವತ್ತೊಂಬತ್ತು ವರ್ಷ ಸಹಿಸಿಕೊಂಡಿದ್ದೀಯಾ, ಇದೊಂದು ಸಲ ಸಹಿಸಿಕೋ.

ಆಸ್ಪತ್ರೆಯಲ್ಲಿ ನಿನಗೆ ಮತ್ತೆ ಓದು ಕಲಿಸುವ ಟೀಚರಮ್ಮ ಹೇಳಿದಂತೆ ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಪ್ರತಿ ಹಾಳೆಯ ಎಡ ಅಂಚಿಗೂ ಕೆಂಪು ಪೆನ್ಸಿಲಿನ ಗೀಟು ಎಳೆದಿದ್ದೇನೆ. ಆ ಕೆಂಪು ಕಾಣುವ ತನಕ ಮುಖ ಎಡಕ್ಕೆ ತಿರುಗಿಸು, ಅಲ್ಲಿಂದ ಸಾಲು ಶುರು. ಇಲ್ಲದಿದ್ದರೆ ಅರ್ಧರ್ಧ ಸಾಲು ಓದಿ, ಇವಳಿಗೆ ನೆಟ್ಟಗೆ ಒಂದು ವಾಕ್ಯ ಬರೆಯೋಕೆ ಬರಲ್ಲ ಅಂತ ನನ್ನನ್ನೇ ಬೈಯುತ್ತೀಯಾ. ಸುಸ್ತಾದರೆ ಮಿಕ್ಕಿದ್ದನ್ನು ಜಾಸ್ನಾ ಕೈಯಲ್ಲಿ ಓದಿಸಿಕೋ. ಕಡೆಯ ಹಾಳೆಯನ್ನು ಮಾತ್ರ ಬೇರೆ ಮಡಿಸಿ ಇಟ್ಟಿದ್ದೇನೆ. ಅದನ್ನು ನೀನೇ ಓದಬೇಕು.

ಮನೆಯಲ್ಲಿ ಎಲ್ಲ ಕ್ಷೇಮ. ಹಸುಗಳು ಹಾಲು ಕೊಡುತ್ತಿವೆ. ಮಚ್ಚೆ ಹಸು ಮಂಗಳವಾರ ಕರು ಹಾಕಿತು, ಹೆಣ್ಣು. ನೀನಿಲ್ಲದೆ ನಾನೇ ಎಳೆದು ಹೊರಗೆ ತಂದೆ, ನಾನೇ ಅದರ ಎರಡೂ ಕಿವಿಗೆ ನಂಬರಿನ ಹಳದಿ ಓಲೆ ಚುಚ್ಚಿದೆ. ಚೆರ್ರಿ ಹಣ್ಣು ಈ ಸಲವೂ ಹಕ್ಕಿಗಳ ಪಾಲು.

ಈಗ ನಿನಗೆ ಕೇಳಲು ಇಷ್ಟವಿಲ್ಲದ ವಿಷಯಕ್ಕೆ ಬರುತ್ತೇನೆ. ಹುಲ್ಲಿನಲ್ಲಿ ಅಡಗಿದ ಜಿಂಕೆಮರಿ ಹುಡುಕುವ ನಿನ್ನ ಡ್ರೋನು.

ಮೇ ತಿಂಗಳಲ್ಲಿ ಆ ಜಿಂಕೆಮರಿ ಗೊಟ್‌ಫ್ರೀಡನ ಹುಲ್ಲು ಕೊಯ್ಯುವ ಯಂತ್ರಕ್ಕೆ ಸಿಕ್ಕಿದ ದಿನ, ನೀನು ಡ್ರೋನನ್ನು ಪೆಟ್ಟಿಗೆಗೆ ಹಾಕಿ ಅಟ್ಟಕ್ಕೆ ಏರಿಸಿ, "ಇನ್ನು ಇದನ್ನ ಯಾರೂ ಮುಟ್ಟಬಾರದು" ಅಂದೆ. ಹತ್ತನೇ ದಿನಕ್ಕೆ ನೀನು ಲಕ್ವ ಹೊಡೆದು ಕೊಟ್ಟಿಗೆಯಲ್ಲಿ ಬಿದ್ದೆ. ನಾನು ಆ ಪೆಟ್ಟಿಗೆಯನ್ನು ಇಳಿಸಿದ್ದೇನೆ. ಬೈಯುವುದಿದ್ದರೆ ಇಲ್ಲೇ ಬೈದು ಮುಗಿಸಿಬಿಡು, ಯಾಕೆಂದರೆ ಮುಂದೆ ಇನ್ನೂ ಇದೆ.

ಗೊಟ್‌ಫ್ರೀಡ್ ಒಂದು ಸಂಜೆ ಬಂದು ಅಡುಗೆಮನೆ ಬಾಗಿಲಲ್ಲಿ ಟೋಪಿ ಹಿಂಡುತ್ತಾ ನಿಂತ. ನಮ್ಮ ಪಕ್ಕದ ಮನೆಯಲ್ಲಿ ಅರವತ್ತು ವರ್ಷ ಬದುಕಿದವನು, ಒಳಗೆ ಬಾ ಅಂದರೂ ಬರಲೊಲ್ಲ.

"ರೋಸ್ವಿಟಾ, ಮೇಲಿನ ಹುಲ್ಲುಗಾವಲು ಕೊಯ್ಯಬೇಕು. ಹದಿನಾಲ್ಕಕ್ಕೆ ಕೊಯ್ದು ಹದಿನೈದಕ್ಕೆ ಒಣಗಿಸಿಬಿಟ್ರೆ ಆಯ್ತು, ಆಮೇಲೆ ವಾರಗಟ್ಟಲೆ ಮಳೆಯಂತೆ. ಎರಡು ತಾಯಿ ಜಿಂಕೆ ದಿನಾ ಸಂಜೆ ಅಲ್ಲೇ ಸುಳಿದಾಡ್ತಿವೆ."

"ಅಂದ್ರೆ ಮರಿ ಅಲ್ಲೇ ಇವೆ."

"ಇವೆ. ಅವಕ್ಕೆ ಓಡೋ ಬುದ್ಧಿ ಇಲ್ವಲ್ಲಮ್ಮ. ಯಂತ್ರ ಹತ್ರ ಬಂದಷ್ಟೂ ಇನ್ನಷ್ಟು ಮುದುಡಿ ಮಲಗ್ತವೆ. ಇನ್ನೊಂದು ಸಲ ಆ ಸದ್ದು ಕೇಳೋಕೆ ನನ್ ಕೈಲಾಗಲ್ಲ." ಟೋಪಿಯನ್ನು ತಲೆಗೆ ಹಾಕಿ ಮತ್ತೆ ತೆಗೆದ. "ಅವನ ಡ್ರೋನು ಇದ್ಯಲ್ಲ, ಬಿಸಿ ಮೈಯನ್ನ ಪರದೆ ಮೇಲೆ ಬಿಳಿ ಚುಕ್ಕೆಯಾಗಿ ತೋರಿಸೋದು. ನೀನು ಮೂರು ವರ್ಷ ಅವನ ಹಿಂದೆ ನಿಂತು ನೋಡಿದ್ದೀಯ. ನೀನೇ ಹಾರಿಸು."

ನಾನು ಹೂಂ ಅಂದೆ. ಅದರಲ್ಲೇನಿದೆ ಅಂದುಕೊಂಡೆ. ಡ್ರೋನಿನ ಬೆನ್ನ ಮೇಲೆ ನೋಂದಣಿ ನಂಬರಿನ ಚೀಟಿ ಇದ್ದೇ ಇದೆ, ಆ ನಂಬರಿರುವ ತನಕ ಅದು ಕಾನೂನುಬದ್ಧ ಅಂತ. ನಲವತ್ತು ವರ್ಷ ಕರುಗಳಿಗೆ ಓಲೆ ಚುಚ್ಚಿದ ಕೈ ಇದು. ಓಲೆಯ ನಂಬರು ಹಸುವಿನದು. ಹಸು ಮಾರಿದರೆ ನಂಬರೂ ಅದರ ಜೊತೆ ಹೋಗುತ್ತೆ, ಯಜಮಾನ ಯಾರಾದರೂ ಆಗಲಿ. ಡ್ರೋನಿಗೂ ಹಾಗೇ ಅಂತ ನಾನು ಯೋಚನೆಯೇ ಮಾಡದೆ ನಂಬಿದ್ದೆ.

ಮಾರನೇ ದಿನ ಓಟಿಲಿಯೆ ಬಂದಳು. ಚರ್ಚಿನಲ್ಲಿ ಆರ್ಗನ್ ನುಡಿಸುವವಳು, ಊರಿನ ಮುದುಕರಿಗೆಲ್ಲ ಕಂಪ್ಯೂಟರಿನ ಕೆಲಸ ಮಾಡಿಕೊಡುವವಳು ಅವಳೇ. ನನ್ನ ಮಾತು ಕೇಳಿ ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಂಡಳು.

"ಅಯ್ಯೋ ಪುಣ್ಯಾತ್ಗಿತ್ತಿ, ಇದೇನು ಕರು ಅಂದ್ಕೊಂಡ್ಯಾ? ಯೂರೋಪಿನ ಕಾನೂನಲ್ಲಿ ನಂಬರು ಯಂತ್ರಕ್ಕಲ್ಲ, ಮನುಷ್ಯನಿಗೆ. ಇದು ಎಂಗೆಲ್ಬರ್ಟನ ನಂಬರು. ಹತ್ತು ಡ್ರೋನ್ ಇಟ್ಕೊಂಡ್ರೂ ಹತ್ತರ ಮೇಲೂ ಇದೇ ಅಂಟಿಸ್ತಾನೆ. ಓಲೆ ಇರೋದು ನಿನ್ ಗಂಡನ ಕಿವೀಲಿ!"

ಹೊರಗೆ ನಿಂತಿದ್ದ ಗೊಟ್‌ಫ್ರೀಡ್, "ಹಾಗಾದ್ರೆ ಅವನ ನಂಬರಲ್ಲೇ ಇವಳು ಹಾರಿಸಲಿ, ಯಾರು ನೋಡ್ತಾರೆ?" ಅಂದ. ಓಟಿಲಿಯೆ ಹೇಳಿದಳು, "ಹಾರಿಸಬಹುದು, ಅವನು ಒಪ್ಪಿದ್ರೆ. ಆದ್ರೆ ಹಾರಿಸೋರು ಪರೀಕ್ಷೆ ಪಾಸಾಗಿರ್ಲೇಬೇಕು. ಮತ್ತೆ ಇವಳು ಏನು ಎಡವಟ್ಟು ಮಾಡಿದ್ರೂ ಹೊಣೆ ಅವನ ಹೆಸರಿಗೇ ಬರತ್ತೆ."

"ಹಾಗಿದ್ರೆ ಬೇಡ" ಅಂದೆ. ಎಷ್ಟು ಜೋರಾಗಿ ಅಂದೆನೋ, ಗೊಟ್‌ಫ್ರೀಡ್ ಎರಡು ಹೆಜ್ಜೆ ಹಿಂದೆ ಸರಿದ. "ನನ್ ತಪ್ಪು ಅವನ ಹೆಸರಿಗೆ ಬರೋದು ಬೇಡ. ನನ್ ಹೆಸರನ್ನೇ ಬರಿ."

ಹೀಗೆ ಅರವತ್ತಮೂರನೇ ವಯಸ್ಸಿಗೆ ನಿನ್ನ ಹೆಂಡತಿ ವಿದ್ಯಾರ್ಥಿನಿಯಾದಳು. ಹಾಲು ಕರೆಯುವಾಗ ಓದಿದೆ, ಹಿಟ್ಟು ನಾದುವಾಗ ಓದಿದೆ. ನೂರಿಪ್ಪತ್ತು ಮೀಟರಿಗಿಂತ ಮೇಲೆ ಹೋಗಬಾರದು, ಕಣ್ಣಿಗೆ ಕಾಣದಷ್ಟು ದೂರ ಬಿಡಬಾರದು, ಜನರ ತಲೆಯ ಮೇಲೆ ಹಾರಿಸಬಾರದು. ನಲವತ್ತು ಪ್ರಶ್ನೆ, ಮೂವತ್ತು ಸರಿಯಾಗಬೇಕು. ಕೆಲವು ಪ್ರಶ್ನೆಗಳಂತೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, ಈ ಕಡೆಗೂ ಸರಿ ಆ ಕಡೆಗೂ ಸರಿ. ಕುಡಿದವರು ಹಾರಿಸಬಾರದು ಅಂತ ಗಟ್ಟಿಯಾಗಿ ಓದಿದಾಗ ಗೊಟ್‌ಫ್ರೀಡ್ ಬಹಳ ಗಂಭೀರವಾಗಿ ಕೇಳಿದ, "ಹುದುಗಿದ ಸೇಬಿನ ರಸ ಕುಡಿದ್ರೆ ಕುಡಿದ ಹಾಗಾ? ಅದು ಹಣ್ಣಲ್ವಾ?"

ಮೊದಲ ಸಲ ಇಪ್ಪತ್ತೇಳು ಬಂತು. ಫೇಲು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನು ಓಟಿಲಿಯೆಯ ಕಂಪ್ಯೂಟರನ್ನೇ ಬೈದೆ. ಎರಡನೇ ಸಲ ಮೂವತ್ತಮೂರು. ಅಡುಗೆಮನೆಯಲ್ಲಿ ನಿಂತು ಚಪ್ಪಾಳೆ ತಟ್ಟಿಕೊಂಡೆ, ಕೇಳಲು ಬೆಕ್ಕು ಮಾತ್ರ ಇತ್ತು. ಒಂದು ಪ್ರಶ್ನೆಯ ಮುಂದೆ ಮಾತ್ರ ಬಹಳ ಹೊತ್ತು ಕೂತಿದ್ದೆ. ಉತ್ತರ ಗೊತ್ತಿಲ್ಲದೆ ಅಲ್ಲ. ಅದನ್ನು ಆಮೇಲೆ ಹೇಳುತ್ತೇನೆ.

ನಂಬರು ಬಂತು. ಉದ್ದದ್ದು, ಕಡೆಯಲ್ಲಿ ಒಂದು ಅಡ್ಡಗೆರೆ, ಆಮೇಲೆ ಮೂರು ಅಕ್ಷರ. ನಾನು ಓಲೆಗೆ ಬರೆಯುವ ಕಪ್ಪು ಪೆನ್ನು ತಂದು, ನಿನ್ನ ಚೀಟಿಯ ಪಕ್ಕದಲ್ಲೇ ಅಷ್ಟನ್ನೂ ಅಂದವಾಗಿ ಬರೆದೆ. ಸಂಜೆ ಓಟಿಲಿಯೆ ನೋಡಿ ಹಣೆ ಚಚ್ಚಿಕೊಂಡಳು. "ಆ ಕೊನೇ ಮೂರಕ್ಷರ ಗುಟ್ಟು ಕಣೇ! ಬ್ಯಾಂಕ್ ಕಾರ್ಡಿನ ಗುಟ್ಟಿನ ನಂಬರನ್ನ ಹಣೆ ಮೇಲೆ ಬರ್ಕೊಂಡು ಸಂತೆಗೆ ಹೋಗ್ತೀಯಾ?" ಓಲೆಯ ಶಾಯಿ ನಿನಗೆ ಗೊತ್ತಲ್ಲ, ಹತ್ತು ವರ್ಷ ಸಗಣಿ ಮಳೆ ಎರಡಕ್ಕೂ ಜಗ್ಗದ್ದು. ನಿನ್ನ ಪ್ಲಮ್ ಸಾರಾಯಿ ಸುರಿದು ಉಜ್ಜಿದರೂ ಹೋಗಲಿಲ್ಲ. ಸಾರಾಯಿ ಕಡಿಮೆಯಾಗಿದೆ ಅಂತ ಆಮೇಲೆ ಗೊಟ್‌ಫ್ರೀಡನ ಮೇಲೆ ಅನುಮಾನ ಪಡಬೇಡ. ಕೊನೆಗೆ ಗಾಯಕ್ಕೆ ಹಚ್ಚುವ ಪ್ಲಾಸ್ಟರ್ ಒಂದನ್ನು ಆ ಮೂರಕ್ಷರದ ಮೇಲೆ ಅಂಟಿಸಿದೆ. ಈಗ ನಿನ್ನ ಡ್ರೋನು ಬಿದ್ದು ಮಂಡಿ ತರಚಿಕೊಂಡ ಮಗುವಿನಂತೆ ಕಾಣುತ್ತೆ.

ನಿನ್ನ ಚೀಟಿಯನ್ನು ಕೀಳಬೇಕಾಯಿತು, ಎಂಗೆಲ್ಬರ್ಟ್. ಹಾರಿಸುವಾಗ ಒಂದೇ ನಂಬರಿರಬೇಕಂತೆ. ಬಿಸಿನೀರಿನ ಬಟ್ಟೆ ಇಟ್ಟು ನಿಧಾನವಾಗಿ ಬಿಡಿಸಿ, ನನ್ನ ಪ್ರಾರ್ಥನೆಯ ಪುಸ್ತಕದಲ್ಲಿ ಇಟ್ಟುಕೊಂಡಿದ್ದೇನೆ. ಆಗ ಒಂಚೂರು ಅತ್ತೆ.

ಶನಿವಾರ ಬೆಳಗಿನ ಜಾವ ಎಲ್ಲರೂ ಮೇಲಿನ ಹುಲ್ಲುಗಾವಲಿನಲ್ಲಿ ಸೇರಿದೆವು. ಮಂಜು ತಣ್ಣಗೆ ಕೂತಿತ್ತು, ಹುಲ್ಲು ನನ್ನ ಸೊಂಟದವರೆಗೆ. ಹಾರಿಸುವ ಮುಂಚೆ ನಾನು ಗೊಟ್‌ಫ್ರೀಡನನ್ನು ನನ್ನ ಬೆನ್ನ ಹಿಂದೆ ನಿಲ್ಲಿಸಿಕೊಂಡು ಹೇಳಿದೆ: "ನೋಡು, ಪರದೆ ಮೇಲೆ ಬಿಳಿ ಚುಕ್ಕೆ ಏನು ಕಂಡ್ರೂ ತಕ್ಷಣ ಕೂಗು. ನಾನು ಏನೂ ಇಲ್ಲ ಅಂದ್ರೂ ಕೂಗು. ಎಲ್ಲರ ಮುಂದೆ ನನ್ನ ಪೆದ್ದಿ ಅಂದ್ರೂ ಪರವಾಗಿಲ್ಲ."

"ಅದಕ್ಕೆ ಅಪ್ಪಣೆ ಬೇರೆ ಬೇಕಾ" ಅಂದ.

ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದೆ. ನೀನು ಮಾಡುತ್ತಿದ್ದ ಹಾಗೇ ಉಳುವ ಸಾಲಿನಂತೆ ಹೋಗಿ ಬಂದು, ಹೋಗಿ ಬಂದು. ಮಧ್ಯದಲ್ಲಿ ಎರಡು ಚುಕ್ಕೆ ಅಕ್ಕಪಕ್ಕ, ಅವಳಿ ಮರಿಗಳು. ಓಟಿಲಿಯೆ ಕೈತುಂಬ ಹುಲ್ಲು ಹಿಡಿದು, ಮನುಷ್ಯರ ವಾಸನೆ ತಾಗದ ಹಾಗೆ ಎತ್ತಿ ಪೆಟ್ಟಿಗೆಯಲ್ಲಿಟ್ಟು ಅಂಚಿನ ನೆರಳಿಗೆ ಒಯ್ದಳು. ಇನ್ನು ಮುಗಿಯಿತು ಅಂತ ನಾನು ಇಳಿಸಲು ಹೊರಟಿದ್ದೆ.

"ಎಡಕ್ಕೆ!" ಅಂತ ಗೊಟ್‌ಫ್ರೀಡ್ ನನ್ನ ಕಿವಿಯಲ್ಲೇ ಅರಚಿದ. "ಎಡಕ್ಕೆ, ಎಡಕ್ಕೆ, ಬೇಲಿ ಹತ್ರ! ಕುರುಡೀ!"

ಇತ್ತು. ಬೇಲಿಯ ಬುಡದಲ್ಲಿ, ಒಂದೇ ಒಂದು. ನಾನೇ ಹೋಗಿ ಎತ್ತಿದೆ. ನಮ್ಮ ದೊಡ್ಡ ಬ್ರೆಡ್ಡಿನಷ್ಟೂ ಭಾರವಿರಲಿಲ್ಲ. ಎದೆ ಡವಡವ ಹೊಡೆದುಕೊಳ್ಳುತ್ತಿತ್ತು, ಅದರದ್ದೋ ನನ್ನದೋ ತಿಳಿಯಲಿಲ್ಲ. ಕೊಯ್ಲು ಮುಗಿದ ಮೇಲೆ ಮೂರನ್ನೂ ಬಿಟ್ಟೆವು. ಅರ್ಧ ಗಂಟೆಯಲ್ಲಿ ತಾಯಿ ಜಿಂಕೆಗಳು ಕಾಡಿನಿಂದ ಬಂದು ಕರೆದುಕೊಂಡು ಹೋದವು. ನಿನ್ನೆ ಇಡೀ ದಿನ ಹುಲ್ಲು ಮಗುಚುವ ಕೆಲಸ, ಅದಕ್ಕೇ ನಿನ್ನ ಹತ್ತಿರ ಬರಲಾಗಲಿಲ್ಲ. ಇವತ್ತು ಮಳೆ ಸುರಿಯುತ್ತಿದೆ, ಹುಲ್ಲು ಒಳಗಿದೆ.

ನೀನು ಅಲ್ಲಿ ಯಾರ ಜೊತೆಯೂ ಮಾತಾಡುತ್ತಿಲ್ಲವಂತೆ. ಊರುಗೋಲು ಕೊಟ್ಟರೆ ಗೋಡೆಗೆ ಒರಗಿಸಿಬಿಡುತ್ತೀಯಂತೆ. "ಒಂದು ಮರಿಯನ್ನೇ ನೋಡಿಕೊಳ್ಳಲಾರದವನಿಗೆ ನಡೆಯೋದು ಯಾಕೆ" ಅಂದೆಯಂತೆ ಜಾಸ್ನಾ ಹತ್ತಿರ. ಅದನ್ನು ಕೇಳಿದ ಮೇಲೆ ನನಗೆ ಅನ್ನ ನೀರು ರುಚಿಸಿಲ್ಲ. ನಡೆ, ಎಂಗೆಲ್ಬರ್ಟ್. ಹೊಸ ಕರುವಿಗೆ ಹೆಸರಿಟ್ಟಿಲ್ಲ, ಅದು ನಿನ್ನ ಕೆಲಸ. ಚರ್ಚಿನ ಗಂಟೆ ಹೊಡೆದಾಗಲೆಲ್ಲ, ಕೈಯಲ್ಲಿ ಏನಿದ್ದರೂ ಕೆಳಗಿಟ್ಟು ನಿನ್ನ ಹೆಸರು ಹೇಳಿಕೊಳ್ಳುತ್ತೇನೆ. ದೇವರಿಗೂ ಇಷ್ಟು ಹೊತ್ತಿಗೆ ಅಭ್ಯಾಸವಾಗಿರಬೇಕು. ಅವನ ಕೈ ನಿನ್ನ ಬೆನ್ನ ಮೇಲಿರಲಿ.

ಎಂದೆಂದಿಗೂ ನಿನ್ನವಳಾದ,
ರೋಸ್ವಿಟಾ

ತಾ.ಕ.: ಇದು ನೀನೊಬ್ಬನೇ ಓದಬೇಕಾದ ಹಾಳೆ. ಕೆಂಪು ಗೀಟು ಇಲ್ಲೂ ಇದೆ. ಒಂದು ಪದವನ್ನೂ ಬಿಡಬೇಡ.

ಪರೀಕ್ಷೆಯ ಆ ಪ್ರಶ್ನೆ ಹೀಗಿತ್ತು: ಹಾರಿಸುವವನ ಜೊತೆ ನಿಂತು ಕಾವಲು ನೋಡುವವರಿಗೆ, ಅವನಿಗೆ ಕಾಣದ್ದೇನಾದರೂ ಕಂಡರೆ ಏನು ಮಾಡಬೇಕು? ಹಾರಾಟ ಮುಗಿದ ಮೇಲೆ ಹೇಳಬೇಕು. ಅವನು ಕೇಳಿದರೆ ಹೇಳಬೇಕು. ತಕ್ಷಣ ಹೇಳಬೇಕು. ನಾನು ಮೂರನೆಯದನ್ನು ಒತ್ತಿದೆ. ಸರಿಯುತ್ತರ, ಅಂಕ ಕೊಟ್ಟರು.

ಮೇ ಹನ್ನೆರಡರ ಬೆಳಿಗ್ಗೆ ನಾನು ನಿನ್ನ ಬೆನ್ನ ಹಿಂದೆಯೇ ಇದ್ದೆ. ಪರದೆಯ ಎಡ ಅಂಚಿನಲ್ಲಿ ಬಿಳಿ ಚುಕ್ಕೆ ನನಗೆ ಕಂಡಿತ್ತು. ಎರಡು ಸಲ ಕಂಡಿತು. ನೀನು "ಏನೂ ಇಲ್ಲ, ಕೊಯ್ಯಿ" ಅಂದೆ. ಗೊಟ್‌ಫ್ರೀಡ್ ಇದ್ದ, ಮರಿ ಎತ್ತಲು ಬಂದ ಬೇಟೆಗಾರರ ಸಂಘದವರೆಲ್ಲ ಇದ್ದರು. ಅಷ್ಟು ಜನರ ಮುಂದೆ ನಿನ್ನ ಮಾತನ್ನು ಸುಳ್ಳು ಮಾಡಿ ನಿನಗೆ ಅವಮಾನ ಮಾಡಲಾ ಅಂತ ಬಾಯಿ ಮುಚ್ಚಿಕೊಂಡೆ. ಬಿಸಿಲಿಗೆ ಕಾದ ಕಲ್ಲಿರಬೇಕು ಅಂತ ನನಗೆ ನಾನೇ ಹೇಳಿಕೊಂಡೆ. ಬೆಳಗಿನ ಐದು ಗಂಟೆಗೆ ಯಾವ ಕಲ್ಲು ಕಾದಿರುತ್ತೆ?

ಆ ಮರಿಯ ಸಾವು ನಿನ್ನ ಹೆಸರಿಗೆ ಬಂತು. ನಾನು ಅದನ್ನು ಹಾಗೇ ಬಿಟ್ಟೆ. ಆಮೇಲಿನ ಹತ್ತು ದಿನ ನಿನ್ನ ತಟ್ಟೆಯ ಎಡಗಡೆಯ ಕಡುಬು ಹಾಗೇ ಉಳಿಯುತ್ತಿತ್ತು, ನನ್ನ ಅಡುಗೆ ಸಪ್ಪೆಯಾಯಿತಾ ಅಂತ ನಾನು ಮುನಿಸಿಕೊಂಡೆ. ಮೆದುಳಿಗೆ ಮೊದಲ ಸಣ್ಣ ಆಘಾತ ಮರಿ ಸಾಯುವ ಮುಂಚೆಯೇ ಆಗಿರಬೇಕು, ಎಡಗಡೆಯ ನೋಟ ಆಗಲೇ ಹೋಗಿರಬೇಕು ಅಂತ ಡಾಕ್ಟರು ಹೇಳಿದರು. ಆಗಲೇ ಕರೆತಂದಿದ್ದರೆ ನೀನು ಬೀಳುವುದನ್ನು ತಪ್ಪಿಸಬಹುದಿತ್ತೋ ಏನೋ ಅಂದರು. ನಾನು ಆ ದಿನ ಎಡಕ್ಕೆ ಅಂತ ಒಂದು ಮಾತು ಕೂಗಿದ್ದರೆ ಮರಿಯೂ ಉಳಿಯುತ್ತಿತ್ತು, ಯಾಕೆ ನಿನಗೆ ಕಾಣಲಿಲ್ಲ ಅಂತ ಎಲ್ಲರೂ ಕೇಳುತ್ತಿದ್ದರು, ಆ ವಾರವೇ ನಿನ್ನನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋಗುತ್ತಿದ್ದೆ. ಮಾತು ಬೆಳ್ಳಿ, ಮೌನ ಬಂಗಾರ ಅಂತ ನಮ್ಮಮ್ಮ ಕಲಿಸಿದ್ದಳು. ಆ ಬಂಗಾರ ನನಗೆ ಬೇಡವಾಗಿತ್ತು.

ಮರಿಯನ್ನು ನೋಡಿಕೊಳ್ಳಲಾರದವನು ನೀನಲ್ಲ. ನಿನಗೆ ಕಾಣಲಿಲ್ಲ. ಕಂಡವಳು ನಾನು.

ಭಾನುವಾರ ಬರುತ್ತೇನೆ. ಟೀಚರಮ್ಮ ಹೇಳಿದ ಹಾಗೆ ನಿನ್ನ ಎಡಗಡೆಯ ಕುರ್ಚಿಯಲ್ಲೇ ಕೂರುತ್ತೇನೆ, ಏನೂ ಮಾತಾಡುವುದಿಲ್ಲ. ನನ್ನನ್ನು ನೋಡಬೇಕು ಅಂತ ನಿನಗೆ ಅನ್ನಿಸಿದರೆ ಮಾತ್ರ ಈ ಕಡೆ ತಿರುಗು.