ಶಾಖಮ್ಮನ ಮಂಗಳವಾರ

ಮನೆಯಿಂದ,
ಬುಧವಾರ, ಮಧ್ಯಾಹ್ನದ ಚಹಾ ಆದಮೇಲೆ

ಪ್ರೀತಿಯ ಅಕ್ಕಾ,

ಮಾತು ಅಲ್ಲಿಗೇ ನಿಂತುಹೋಯಿತಲ್ಲ, ನೀರಿನ ದಿಂಬಿನ ಹತ್ತಿರ. ನಿನ್ನೆ ರಾತ್ರಿ ಫೋನಿನಲ್ಲಿ ಅದನ್ನೇ ವರ್ಣಿಸುತ್ತಿದ್ದೆ, ನಿನ್ನ ಮೊಮ್ಮಗಳು ರಾಗ ತೆಗೆದಳು, "ಇರೋ ಗುಂಡ" ಎಂದು ಹೋದವಳು ನೀನು ಬರಲೇ ಇಲ್ಲ. ಮೊದಲು ನಿನ್ನ ಮಂಡಿ ಹೇಗಿದೆ ಹೇಳು. ಮಗು ಹುಟ್ಟಿದಾಗಿನಿಂದ ಮಗಳ ಮನೆಯ ಮೆಟ್ಟಿಲನ್ನು ಅದೆಷ್ಟು ಸಲ ಹತ್ತಿ ಇಳಿಯುತ್ತೀಯೋ. ಮಗುವಿಗೆ ನನ್ನ ಮೂಗೇ ಬಂದಿದೆ ಎಂದೆಯಲ್ಲ. ಪಾಪ, ಏನೂ ತಪ್ಪು ಮಾಡದ ಕೂಸು.

ಈಗ ದಿಂಬು. ನನ್ನ ಬೆನ್ನುಮೂಳೆಯ ತುದಿಗೆ ಅಂಟಿಕೊಂಡು ಕೂತಿರುವ ಗಡ್ಡೆಯನ್ನು ಕತ್ತರಿಸಿ ತೆಗೆಯುವಂತಿಲ್ಲ, ಸುತ್ತ ನರಗಳಿವೆ ಎಂದು ಡಾಕ್ಟರು ಹೇಳಿದ್ದು ನಿನಗೆ ಗೊತ್ತೇ ಇದೆ. ನಾನೂ ಜೀವಮಾನವೆಲ್ಲ ಬಸ್ಸಿನಲ್ಲಿ ಟಿಕೆಟ್ ತಪಾಸಣೆ ಮಾಡಿದವನು, ಟಿಕೆಟಿಲ್ಲದೆ ಕೂತು ಏಳದವರನ್ನು ಬೇಕಾದಷ್ಟು ಕಂಡಿದ್ದೇನೆ. ಇಂಥ ಭಂಡನನ್ನು ಕಂಡಿರಲಿಲ್ಲ. ಅದಕ್ಕೇ ಪ್ರೋಟಾನ್ ಕಿರಣ. ಅದು ಗಡ್ಡೆಯವರೆಗೆ ಹೋಗಿ ಅಲ್ಲೇ ನಿಲ್ಲುತ್ತದೆ, ಆಚೆ ದಾಟುವುದಿಲ್ಲ. ನಮ್ಮ ಯಾವ ಡ್ರೈವರನೂ ಅಷ್ಟು ಸರಿಯಾಗಿ ಸ್ಟಾಪಿನಲ್ಲಿ ನಿಲ್ಲಿಸಿದ್ದಿಲ್ಲ. ಮಂಗಳವಾರ ಮಾತ್ರ ಕಿರಣಕ್ಕೆ ಮೊದಲು ಒಂದು ಗಂಟೆ ಶಾಖ. ಸೊಂಟದ ಸುತ್ತ ನೀರು ತುಂಬಿದ ದಿಂಬು ಕಟ್ಟಿ, ರೇಡಿಯೋ ಅಲೆ ಬಿಟ್ಟು, ಗಡ್ಡೆಗೆ ಜ್ವರ ಬರಿಸುತ್ತಾರೆ. ಜ್ವರ ಬಂದ ಗಡ್ಡೆ ಕಿರಣದ ಪೆಟ್ಟಿನಿಂದ ಬೇಗ ಚೇತರಿಸಿಕೊಳ್ಳಲಾರದಂತೆ. ನಾನು ಸುಮ್ಮನಿರಲಾರದೆ ಕಾಲೇಜಿನ ಇಂಗ್ಲಿಷ್ ಹೊರತೆಗೆದು, "ಡಾಕ್ಟರ್, ಹೀಟ್ ಎಕ್ಸ್‌ಪ್ಯಾಂಡ್ಸ್ ಆಲ್ ಬಾಡೀಸ್, ದೇರ್‌ಫೋರ್..." ಎಂದೆ. ದೇರ್‌ಫೋರ್ ಆದಮೇಲೆ ಏನು ಎಂಬುದು ನೆನಪಾಗಲಿಲ್ಲ. ಅವರು ಪಾಪ ಕಾದರು. ಆಮೇಲೆ, ಮಲಗಿ ಎಂದರು.

ಶಾಖ ಕೊಡುವ ಹೆಂಗಸಿಗೆ ನಾನಿಟ್ಟ ಹೆಸರು ಶಾಖಮ್ಮ. ನನ್ನ ವಯಸ್ಸಿನ ಅರ್ಧ, ದನಿ ಎರಡರಷ್ಟು. ಮೊದಲ ದಿನವೇ, "ನೋಡಿ ಯಜಮಾನ್ರೇ, ಥರ್ಮಾಮೀಟರು ಎಲ್ಲಾ ಕಡೆ ಇಡೋಕಾಗಲ್ಲ. ಎಲ್ಲಿ ಸುಡುತ್ತೆ ಅಂತ ನೀವೇ ಬಾಯ್ಬಿಟ್ಟು ಹೇಳ್ಬೇಕು. ಅಷ್ಟೇ ನಿಮ್ಮ ಕೆಲಸ" ಎಂದಳು. ಮಾತಾಡುವ ಕೆಲಸ, ಅದೂ ನನಗೆ! ಗಂಟೆಯಿಡೀ ಆಡಿದೆ. ತಪಾಸಣೆಗೆ ಹೆದರಿ ಹಿಂಬಾಗಿಲಿನಿಂದ ಹಾರಿದ ಮದುಮಗನ ಕಥೆ, ಸೀಟಿನ ಕೆಳಗೆ ಅಡಗಿದ ಮೇಷ್ಟ್ರ ಕಥೆ. ನಡುನಡುವೆ ಅವಳು "ಸುಡ್ತಿದ್ಯಾ?" ಎನ್ನುವಳು, ನಾನು "ಏನಿಲ್ಲಮ್ಮ, ಮುಂದೆ ಕೇಳು" ಎನ್ನುವೆ. ಸುಡುತ್ತದೆ ಎಂದರೆ ಶಾಖ ಇಳಿಸುತ್ತಾಳೆ, ಗಡ್ಡೆ ಬದುಕಿಕೊಳ್ಳುತ್ತದೆ ಎಂದು ನನ್ನ ತಿಳುವಳಿಕೆ. ಹಲ್ಲು ಕಚ್ಚಿಕೊಂಡು ಕಥೆ ಹೇಳುವುದು ಸುಲಭವಲ್ಲ ಅಕ್ಕಾ.

ನಿನ್ನೆ ದಿಂಬು ಬಿಚ್ಚಿದಾಗ ಎಡ ಸೊಂಟದ ಮೇಲೆ ಸುಟ್ಟ ಗುಳ್ಳೆ ಎದ್ದಿತ್ತು. ಶಾಖಮ್ಮ ಕೆಂಡವಾದಳು. "ಹೇಳಿದ್ರೆ ಆ ಕಡೆ ಮಾತ್ರ ತಗ್ಗಿಸಿ ಗಡ್ಡೆಗೆ ಇನ್ನೂ ಜಾಸ್ತಿ ಕೊಡ್ತಿದ್ದೆ. ಚರ್ಮ ಬೇಯಿಸ್ಕೊಂಡು ಗಡ್ಡೇನ ತಣ್ಣಗಿಟ್ಟಿದ್ದೀರಲ್ಲಾ!" ಎಂದಳು. ಶತ್ರುವಿಗೆ ಬೀಸಣಿಗೆ ಬೀಸಿದ ಹಾಗಾಯಿತು ನನ್ನ ಶೌರ್ಯ. ಡಾಕ್ಟರು ಮಾತ್ರ ಮೆಲ್ಲಗೆ, "ಹೀಗೇ ಆದ್ರೆ ಶಾಖ ನಿಲ್ಲಿಸಿ ಬರೀ ಕಿರಣ ಕೊಡ್ಬೇಕಾಗುತ್ತೆ. ಅದೊಂದೇ ಸಾಕು ಅಂತ ನಾನು ಹೇಳಲಾರೆ" ಎಂದರು. ಶಾಖಮ್ಮನ ಬೈಗುಳಕ್ಕಿಂತ ಆ ಮೆಲ್ಲಗಿನ ದನಿಗೆ ನನಗೆ ಹೆಚ್ಚು ಹೆದರಿಕೆಯಾಯಿತು.

ನನ್ನವಳಿದ್ದಿದ್ದರೆ ಈ ಫಜೀತಿಯೇ ಇರುತ್ತಿರಲಿಲ್ಲ. ನನ್ನ ಮಾತನ್ನು ಅವಳು ನಂಬುತ್ತಲೇ ಇರಲಿಲ್ಲವಲ್ಲ. ಕಥೆ ಎಲ್ಲಿ ಜೋರಾಯಿತೋ ಅಲ್ಲಿ ನೋವಿದೆ ಎಂದು ಹಿಡಿದುಬಿಡುತ್ತಿದ್ದಳು. ಆ ವಿದ್ಯೆ ಮದುವೆಯಾದ ಹೊಸತರಲ್ಲಿ ನೀನೇ ಹೇಳಿಕೊಟ್ಟದ್ದಂತೆ. ಅಂದ ಹಾಗೆ ಅವಳು ಒಮ್ಮೆ... ಅರೆ, ಕಿಟಕಿಯ ಬೆಳಕು ಇಳಿದೇಬಿಟ್ಟಿದೆ, ಸಾಲುಗಳು ಒಂದರ ಮೇಲೊಂದು ಹತ್ತುತ್ತಿವೆ. ನಿಲ್ಲಿಸುತ್ತೇನೆ. ನನ್ನ ಮೂಗಿನ ಆ ಕೂಸಿಗೆ ನೂರು ವರ್ಷ, ನಿನ್ನ ಮಂಡಿಗೆ ಆರಾಮ, ಮಂಡಿಯ ಕೆಳಗಿನ ಪಾದಗಳಿಗೆ ನನ್ನ ನಮಸ್ಕಾರ.

ನಿನ್ನ ತಮ್ಮ,
ಗುಂಡ

ಮರೆತಿದ್ದೆ: ಗುಳ್ಳೆ ಒಣಗಿದರೆ ಮುಂದಿನ ಮಂಗಳವಾರ ಮತ್ತೆ ಶಾಖ ಕೊಡುತ್ತಾರಂತೆ, ಆದರೆ ನನ್ನನ್ನು ಬಲ್ಲವರು ಯಾರಾದರೂ ಪಕ್ಕದಲ್ಲಿ ಕೂರಲೇಬೇಕಂತೆ. ಕುರ್ಚಿ ಅವರೇ ಹಾಕುತ್ತಾರೆ. ಮಗುವನ್ನು ಬಿಟ್ಟು ಒಂದೇ ಒಂದು ದಿನಕ್ಕೆ ಬಾ ಅಕ್ಕಾ. ಬರ್ತೀನಿ ಅಂತ ನೀನೇ ಫೋನು ಮಾಡು. ನಾನು ಮಾಡಿದರೆ ಎಲ್ಲಾ ಚೆನ್ನಾಗಿದೆ ಎಂದುಬಿಡುತ್ತೇನೆ.